ಆಧಾರ ಹುಡುಕಿದರೆ ಆಧಾರ್ ಕಾರ್ಡ್ ಬರುತ್ತದೆ!

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಕಡೆಯ ನಿವೃತ್ತ ಮಾಷ್ಟ್ರು. ಜಾಗದ ಆಧಾರ, ತೀರ್ವೆ (ಭೂಕಂದಾಯ) ರಶೀದಿ, ಪಿಂಚಣಿ ಕಾಗದ, ಮೊಮ್ಮಕ್ಕಳ ಫೋಟೋ ಎಲ್ಲ ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಚೆಲ್ಲಾಪಿಲ್ಲಿಯಾಗಿದೆ. ಮೊನ್ನೆ ವಿಲೇಜ್ ಆಫೀಸಿನಲ್ಲಿ ನನ್ನ ಸರದಿ ಬಂದರೂ ರಶೀದಿ ಸಿಗಲಿಲ್ಲ. ಇವನ್ನೆಲ್ಲ ತಾನಾಗಿ ಜೋಡಿಸಿಡುವ ಸಾಫ್ಟ್‌ವೇರ್ ಯಾವುದು?

ಉತ್ತರ: ಮಾಷ್ಟ್ರೇ, ಆ ರಶೀದಿ ಮನೆ ಜಾಗದ್ದೋ ತೋಟದ್ದೋ ಅಂತ ಯಾವ ಸಾಫ್ಟ್‌ವೇರಿಗೂ ಗೊತ್ತಿಲ್ಲ, ನಿಮಗೆ ಗೊತ್ತು. ಹಾಗಾಗಿ ಮೊದಲು ಫೈಲಿಗೆ ಹೆಸರಿಡಿ, ಸಾಫ್ಟ್‌ವೇರ್ ಆಮೇಲೆ. ವಾಟ್ಸಾಪಿನಲ್ಲಿ ಬಂದ ಚಿತ್ರದ ಹೆಸರು ನೋಡಿದ್ದೀರಲ್ವಾ? 'ಐಎಂಜಿ-20240312-ಡಬ್ಲ್ಯುಎ0007'. ಅದರಲ್ಲಿ ತಾರೀಕು ಬಿಟ್ಟರೆ ನಿಮಗೆ ಬೇಕಾದದ್ದು ಏನೂ ಇಲ್ಲ. ಅದನ್ನೇ '2024-03-12 ತೀರ್ವೆ ನೀರ್ಚಾಲು ತೋಟ' ಅಂತ ಬದಲಿಸಿ. ಇಸವಿ ಮೊದಲು ಬರಲಿ, ಆಗ ಫೈಲುಗಳು ತಾವಾಗಿ ತಾರೀಕಿನ ಸಾಲಿನಲ್ಲಿ ನಿಲ್ಲುತ್ತವೆ. ದಿನ ಮೊದಲು ಬರೆದರೆ ಎಲ್ಲ ತಿಂಗಳ 12ನೇ ತಾರೀಕುಗಳೂ ಒಂದೇ ಕಡೆ ಸೇರಿ ಕೂರುತ್ತವೆ.

ಇಲ್ಲಿ ನಮ್ಮ ಊರಿನದ್ದೇ ಒಂದು ತಮಾಷೆ ಇದೆ. ಕ್ರಯಪತ್ರಕ್ಕೆ ಮಲಯಾಳದಲ್ಲಿ ಆಧಾರಂ, ನಾವೂ ಆಧಾರ ಅಂತಲೇ ಹೇಳುತ್ತೇವೆ. 'ಆಧಾರ' ಅಂತ ಹುಡುಕಿದರೆ ಮನೆಯವರೆಲ್ಲರ ಆಧಾರ್ ಕಾರ್ಡ್ ಮೊದಲು ಬರುತ್ತದೆ, ಯಾಕೆಂದರೆ ಕಂಪ್ಯೂಟರಿಗೆ ಎರಡಕ್ಕೂ ಇರುವ ವ್ಯತ್ಯಾಸ ಕೊನೆಯ ಅರ್ಧಾಕ್ಷರ ಮಾತ್ರ. ಜಾಗದ್ದಕ್ಕೆ 'ಕ್ರಯಪತ್ರ' ಅಂತಲೇ ಹೆಸರಿಡಿ. ನಮ್ಮ ಮನೆಯಲ್ಲಂತೂ 1956ಕ್ಕಿಂತ ಮೊದಲಿನ, ಕಾಸರಗೋಡು ಮದ್ರಾಸ್ ರಾಜ್ಯದಲ್ಲಿದ್ದ ಕಾಲದ ಕಾಗದಗಳು ಕನ್ನಡದಲ್ಲಿವೆ, ಆಮೇಲಿನವು ಮಲಯಾಳದಲ್ಲಿ. ಒಳಗೆ ಯಾವ ಭಾಷೆಯಾದರೂ ಇರಲಿ, ಫೈಲಿನ ಹೆಸರು ಮಾತ್ರ ಒಂದೇ ಭಾಷೆಯಲ್ಲಿರಲಿ.

ಈಗ ಸಾಫ್ಟ್‌ವೇರ್. ವಿಂಡೋಸ್ ಲ್ಯಾಪ್‌ಟಾಪಿಗೆ 'ಎವೆರಿಥಿಂಗ್' ಅಂತ ಒಂದಿದೆ, ಉಚಿತ. ಕನ್ನಡದಲ್ಲಿ ಎರಡಕ್ಷರ ಒತ್ತುವಷ್ಟರಲ್ಲಿ ಫೈಲು ಎದುರಿಗೆ ಬಂದಿರುತ್ತದೆ. ಅದು ನೋಡುವುದು ಮುಖ್ಯವಾಗಿ ಹೆಸರನ್ನೇ, ಅದಕ್ಕೇ ಹೆಸರಿನ ಬಗ್ಗೆ ಇಷ್ಟು ಕೊರೆದೆ. ಫೈಲಿನ ಒಳಗಿನ ಮಾತನ್ನು ಹುಡುಕಲು 'ಡಾಕ್‌ಫೆಚರ್' ಇದೆ. ಆದರೆ ಸ್ಕ್ಯಾನ್ ಮಾಡಿದ ಕಾಗದ ಕಂಪ್ಯೂಟರಿಗೆ ಬರೀ ಚಿತ್ರ. ಅದನ್ನು ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಚ್ಚಾದ ಕನ್ನಡ, ಮಲಯಾಳ ಅಕ್ಷರಗಳನ್ನು ಎತ್ತಿ ಕೊಡುತ್ತದೆ. ಅಜ್ಜನ ಕೈಬರಹಕ್ಕೆ ಇದನ್ನು ನಂಬಬೇಡಿ. ಡ್ರೈವಿನಲ್ಲಿ ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲೂ ಫೋಟೋಗಳೂ ಪಾಲು ಕೇಳುತ್ತವೆ.

ಬರೆದಿಟ್ಟುಕೊಳ್ಳಲು ಏನಾದರೂ ಬೇಕಿದ್ದರೆ ಒಬ್ಸಿಡಿಯನ್ ನೋಡಿ. ಬರೆದದ್ದೆಲ್ಲ ನಿಮ್ಮದೇ ಫೋಲ್ಡರಿನಲ್ಲಿ ಸಾದಾ ಪಠ್ಯದ ಫೈಲಾಗಿ ಇರುತ್ತದೆ, ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಸಾದಾ ಫೈಲಿನ ಬೆಲೆಯನ್ನು ನಾನು ಕೈ ಸುಟ್ಟುಕೊಂಡೇ ಕಲಿತದ್ದು. ಅಡಿಕೆಗೆ ಮದ್ದು ಬಿಟ್ಟ ತಾರೀಕು, ಆಳುಗಳ ಲೆಕ್ಕ ಎಲ್ಲವನ್ನೂ ಒಂದು ಆ್ಯಪಿನಲ್ಲಿ ಬರೆದಿಟ್ಟಿದ್ದೆ, ಅದು ಒಂದು ದಿನ ಬಾಗಿಲು ಹಾಕಿತು, ಹೊರಗೆ ತೆಗೆದದ್ದನ್ನು ನೋಡಿದರೆ ತಾರೀಕೇ ಇಲ್ಲ! ಆ ವರ್ಷ ಮದ್ದು ಬಿಟ್ಟವರನ್ನೇ ಕೇಳಬೇಕಾಯಿತು.

ಪ್ರಶ್ನೆ: ಡಿಜಿಲಾಕರ್ ಒಂದಿದ್ದರೆ ಸಾಲದೇ? (ಕುಂಬಳೆಯ ಓದುಗರು)

ಉತ್ತರ: ಲೈಸೆನ್ಸ್, ಆಧಾರ್‌ನಂಥವಕ್ಕೆ ಸಾಕು. ಕೊಟ್ಟ ಇಲಾಖೆಯಿಂದಲೇ ಬರುವುದರಿಂದ ಅವು ಅಸಲಿಗೆ ಸಮ. ನೀವೇ ಸ್ಕ್ಯಾನ್ ಮಾಡಿ ಹಾಕಿದ್ದಕ್ಕೆ ಆ ಬೆಲೆ ಇಲ್ಲ, ಅದು ಸುಮ್ನೆ ಒಂದು ಪ್ರತಿ.

ಪ್ರಶ್ನೆ: ನಮ್ಮ ಸಂಘದ ಹಳೆಯ ವರದಿಗಳು 'ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದವು. ಕನ್ನಡದಲ್ಲಿ ಹುಡುಕಿದರೆ ಒಂದೂ ಸಿಗುವುದಿಲ್ಲ. (ಮಂಜೇಶ್ವರದ ಓದುಗರು)

ಉತ್ತರ: ಅವು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದವು. ಫಾಂಟ್ ಬದಲಿಸಿ ನೋಡಿ, ವೇಷ ಕಳಚುತ್ತದೆ. ಅಕ್ಷರ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಕಂಪ್ಯೂಟರ್ ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ತನ್ನಿ. ಮೊದಲು ಒಂದೇ ವರದಿ ಹಾಕಿ, ಅರ್ಕಾವತ್ತು, ಒತ್ತಕ್ಷರ ಸರಿ ಬಂತಾ ನೋಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿರುತ್ತವೆ, ಕೈಯಲ್ಲೇ ತಿದ್ದಬೇಕು. ಹಳೆಯ ಫೈಲುಗಳನ್ನು ಮಾತ್ರ ಅಳಿಸಬೇಡಿ, ಬೇರೆ ಫೋಲ್ಡರಿನಲ್ಲಿ ಇರಲಿ.