ಫೀನಿಕ್ಸ್ ಕಡೆಯ ಹೆಂಚಿನ ಮನೆ: ಮಾನ್ಸೂನ್‌ಗೆ ಮುಂಚೆ ಮಾಡಿನ ಮೇಲೆ ಏನೇನು ನೋಡಬೇಕು

ಸರ್, ಅರಿಜೋನದ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ 1998ರ ಮನೆ ಕೊಂಡಿದ್ದೀರಿ, ಒಂದು ಹೆಂಚೂ ಒಡೆದಿಲ್ಲ, ಆದರೂ ಮಾನ್ಸೂನ್‌ಗೆ ಮುಂಚೆ ಏನಾದರೂ ಮಾಡಿಸಬೇಕಾ ಅಂತ ಕೇಳಿದ್ದೀರಿ. ಖಂಡಿತ ನೋಡಿಸಬೇಕು. ಹೆಂಚು ಚೆನ್ನಾಗಿದೆ ಅಂದ ಮಾತ್ರಕ್ಕೆ ಇಲ್ಲಿ ಮಾಡು ಚೆನ್ನಾಗಿದೆ ಅಂತಲ್ಲ.

ನಮ್ಮ ಮಲೆನಾಡಿನ ಹಳೇ ಮನೆಗಳಲ್ಲಿ ಮಾಡಿನ ಇಳಿಜಾರು ಜಾಸ್ತಿ, ನೀರು ತಡೆಯುವುದು ಹೆಂಚೇ. ಇಲ್ಲಿ ಇಳಿಜಾರು ಕಡಿಮೆ, ಮಳೆ ಗಾಳಿಯ ಜೊತೆ ಅಡ್ಡಡ್ಡ ಹೊಡೆಯುತ್ತದೆ. ಕಾಂಕ್ರೀಟ್ ಹೆಂಚು ಬಿಸಿಲು ತಡೆದು ಬಹುಪಾಲು ನೀರು ಇಳಿಸುತ್ತದೆ ಅಷ್ಟೆ. ಸಂದಿಯಲ್ಲಿ ನುಗ್ಗಿದ್ದನ್ನು ತಡೆಯುವುದು ಹೆಂಚಿನಡಿ ಹಲಗೆ ಮೇಲೆ ಹಾಸಿರುವ ಟಾರು ಕಾಗದ, ಅಂದರೆ ಅಂಡರ್‌ಲೇಮೆಂಟ್. ಹೆಂಚು 50 ವರ್ಷ ಬಾಳಿದರೂ ಈ ಕಾಗದ ಇಲ್ಲಿನ ಕಾವಿಗೆ ಸಾಮಾನ್ಯವಾಗಿ 20–25 ವರ್ಷದಲ್ಲಿ ಒಣಗಿ ಹಪ್ಪಳದ ಹಾಗೆ ಮುರಿಯುತ್ತದೆ. ನಿಮ್ಮ ಮನೆಯ ವಯಸ್ಸು ನೋಡಿದರೆ ನನಗೆ ಚಿಂತೆ ಇರುವುದು ಇದರದ್ದೇ. ಹಿಂದಿನವರು ಬದಲಿಸಿದ್ದರಾ, ಕಾಗದಪತ್ರ ಇದೆಯಾ ಅಂತ ಮೊದಲು ವಿಚಾರಿಸಿ.

ಬೆಳಗಿನ ಜಾವ, ಅಟ್ಟ ಕಾಯುವುದಕ್ಕೆ ಮುಂಚೆ, ಟಾರ್ಚ್ ಹಿಡಿದು ಅಟ್ಟದೊಳಗೆ ಹತ್ತಿ. ಹಲಗೆ ಮೇಲೆ ಕಂದು ಬಣ್ಣದ ಕಲೆ, ಪೈಪು ಹೊರಗೆ ಹೋಗುವ ಕಡೆ ನೀರಿಳಿದ ಗೆರೆ, ಸೂರಿನ ಅಂಚಿನಲ್ಲಿ ಮೆತ್ತಗಾದ ಮರ, ಇವನ್ನು ನೋಡಿ. ಕಂಡಿದ್ದಕ್ಕೆಲ್ಲ ಫೋಟೊ ತೆಗೆದು ತಾರೀಕಿನ ಸಮೇತ ಇಟ್ಟುಕೊಳ್ಳಿ, ಮುಂದೆ ಇನ್ಶೂರೆನ್ಸ್‌ನವರು ಕೇಳಿದರೆ ಬೇಕಾಗುತ್ತದೆ.

ಹೆಂಚಿನ ಮೇಲೆ ನೀವು ಹತ್ತಬೇಡಿ. ಗೊತ್ತಿಲ್ಲದೆ ನಡುವೆ ಕಾಲಿಟ್ಟರೆ ಗಟ್ಟಿ ಹೆಂಚೂ ಬಿರುಕು ಬಿಡುತ್ತದೆ. ನೆಲದ ಮೇಲಿಂದ ಬೈನಾಕ್ಯುಲರ್‌ನಲ್ಲಿ ನೋಡಿದರೆ ಜಾರಿದ ಹೆಂಚು ಕಾಣುತ್ತದೆ. ಎರಡು ಇಳಿಜಾರು ಕೂಡುವ ಮೂಲೆ ಇದೆಯಲ್ಲ, ವ್ಯಾಲಿ, ಅದನ್ನು ಮಾತ್ರ ರೂಫಿಂಗ್‌ನವರಿಂದ ಬಿಡಿಸಿ ಸ್ವಚ್ಛ ಮಾಡಿಸಿ. ವರ್ಷವಿಡೀ ಬಿದ್ದ ಪಾಲೊ ವರ್ಡೆ, ಮೆಸ್ಕೀಟ್ ಮರಗಳ ಎಲೆಗೆ ಧೂಳು ಸೇರಿ ಆ ಮೂಲೆಯ ತಗಡಿನ ಕಾಲುವೆಯಲ್ಲಿ ಕಟ್ಟೆ ಕಟ್ಟಿಕೊಂಡಿರುತ್ತದೆ. ಮಳೆ ಬಂದಾಗ ನೀರು ಮುಂದೆ ಹೋಗಲು ದಾರಿಯಿಲ್ಲದೆ ಪಕ್ಕಕ್ಕೆ ಹೊರಳಿ ಹೆಂಚಿನಡಿಗೆ ನುಗ್ಗುತ್ತದೆ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾಗಿದ್ದು. ಸೋಲಾರ್ ಪ್ಯಾನೆಲ್ ಇದ್ದರೆ ಕೆಳಗೆ ಪಾರಿವಾಳದ ಗೂಡು ಇದೆಯಾ ಅಂತಲೂ ನೋಡಿಸಿ, ಆ ಕಸವೂ ಹೀಗೇ ನೀರು ತಡೆಯುತ್ತದೆ.

ಪ್ಯಾಟಿಯೊ, ಅಂದರೆ ಹಿತ್ತಿಲ ಜಗಲಿ, ಅದರ ಮೇಲೆ ಚಪ್ಪಟೆ ಫೋಮ್ ಮಾಡು ಇದ್ದರೆ ಬಿಳಿ ಲೇಪನ ಸವೆದು ಕೆಳಗಿನ ಫೋಮ್ ಕಾಣುತ್ತಿದೆಯಾ ನೋಡಿ. ಬಿಸಿಲಿಗೆ ಬಿದ್ದ ಫೋಮ್ ಕಂದುಗಟ್ಟಿ ಪುಡಿಯಾಗುತ್ತದೆ. ನೀರು ಹೊರಹೋಗುವ ಗೋಡೆಯಂಚಿನ ತೂತುಗಳಿಗೆ, ಅಂದರೆ ಸ್ಕಪ್ಪರ್‌ಗೆ, ಒಂದು ಬಕೆಟ್ ನೀರು ಸುರಿದು ಸರಾಗ ಹೋಗುತ್ತದಾ ಪರೀಕ್ಷಿಸಿ.

ಮಾನ್ಸೂನ್ ಅಂತ ಇಲ್ಲಿ ಲೆಕ್ಕಕ್ಕಿಟ್ಟಿರುವುದು ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ವರ್ಷಕ್ಕೆ ಏಳೆಂಟು ಇಂಚು ಮಳೆಯ ಊರು ಅಂತ ಹಗುರವಾಗಿ ತಗೊಳ್ಳಬೇಡಿ. 2014ರ ಸೆಪ್ಟೆಂಬರ್ 8ರಂದು ಫೀನಿಕ್ಸ್ ವಿಮಾನ ನಿಲ್ದಾಣದಲ್ಲಿ ಒಂದೇ ದಿನ 3 ಇಂಚಿಗೂ ಹೆಚ್ಚು ಸುರಿದಿತ್ತು. ಮಳೆಗಿಂತ ಮೊದಲು ಹಬೂಬ್, ಅಂದರೆ ಧೂಳಿನ ಬಿರುಗಾಳಿ, ಬರುತ್ತದೆ. 2011ರ ಜುಲೈ 5ರ ಧೂಳಿನ ಗೋಡೆ ಸುಮಾರು 5,000 ಅಡಿ ಎತ್ತರ ಇತ್ತು. ಆ ಧೂಳೆಲ್ಲ ಕೂರುವುದು ನೀವು ಈಗ ಬಿಡಿಸಿದ ಕಾಲುವೆಯಲ್ಲೇ, ಹಾಗಾಗಿ ದೊಡ್ಡ ಹಬೂಬ್ ಆದ ಮೇಲೆ ಇನ್ನೊಮ್ಮೆ ನೋಡಿಸಿ. ಮಾಡಿಗೆ ತಾಗುವ ಕೊಂಬೆಗಳನ್ನು ಮೇ ತಿಂಗಳಲ್ಲೇ ಕಡಿಸಿಬಿಡಿ.

ಕಾಗದ ಹೋಗಿದೆ ಅಂತ ಗೊತ್ತಾದರೆ ಹೊಸ ಹೆಂಚು ಬೇಕಿಲ್ಲ. ಇರುವ ಹೆಂಚು ಇಳಿಸಿ, ಕಾಗದ ಬದಲಿಸಿ, ಅವನ್ನೇ ಮತ್ತೆ ಹೊದಿಸುತ್ತಾರೆ, ಒಡೆದವಕ್ಕೆ ಮಾತ್ರ ಬೇರೆ ಹಾಕಿದರಾಯಿತು. ಮೂರು ಕಡೆ ಕೊಟೇಶನ್ ತಗೊಳ್ಳಿ. ಬಿರುಗಾಳಿ ಆದ ಮಾರನೇ ದಿನ ಬಾಗಿಲು ತಟ್ಟುವವರಿಗೆ ಮುಂಗಡ ಕೊಡಬೇಡಿ. ಗುತ್ತಿಗೆದಾರರಿಗೆ ಲೈಸೆನ್ಸ್ ಕೊಡುವ ಅರಿಜೋನ ರಿಜಿಸ್ಟ್ರಾರ್ ಆಫ್ ಕಾಂಟ್ರ್ಯಾಕ್ಟರ್ಸ್ ತಾಣದಲ್ಲಿ ಲೈಸೆನ್ಸ್ ನಂಬರ್ ಹಾಕಿದರೆ ದೂರುಗಳಿವೆಯಾ ಅಂತಲೂ ಗೊತ್ತಾಗುತ್ತದೆ. ಅಟ್ಟದ ಫೋಟೊ ಇಲ್ಲೇ ಹಾಕಿ, ಕಲೆ ಹಳೆಯದಾ ಹೊಸದಾ ನೋಡಿ ಹೇಳುತ್ತೇನೆ.