ಕಾರವಾರಕ್ಕೆ ಇಬ್ಬರೇ ಹೋಗುತ್ತೀರಾ? ಊಟ ಸೇರಿದ ಪ್ಯಾಕೇಜ್ ತಗೊಳ್ಳಬೇಡಿ

ಕಾರವಾರದ ಹತ್ತಿರ ಸಮುದ್ರ ದಡದ ರೆಸಾರ್ಟ್‌ನಲ್ಲಿ ಗಂಡ ಹೆಂಡತಿ ಎರಡು ರಾತ್ರಿ ಇರಬೇಕು, ತಿಂಡಿ ಊಟ ಎಲ್ಲ ಸೇರಿದ ಪ್ಯಾಕೇಜ್ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. 2024ರ ಡಿಸೆಂಬರ್‌ನಲ್ಲಿ ನಾನೂ ಇದನ್ನೇ ಹತ್ತು ಕಡೆ ಫೋನ್ ಮಾಡಿ ಕೇಳಿದ್ದೆ.

ನಮ್ಮದು ಶಿರಸಿ. ಮದುವೆಯಾಗಿ ಆರು ವರ್ಷವಾದರೂ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಮಗಳನ್ನು ಅಮ್ಮನ ಹತ್ತಿರ ಬಿಟ್ಟು, ಯಲ್ಲಾಪುರದ ಮೇಲೆ ಅರಬೈಲ್ ಘಾಟ್ ಇಳಿದು, ಅಂಕೋಲಾ ದಾಟಿ ಹೋದೆವು. ಕಾಳಿ ನದಿಯ ಆಚೆ, ಸದಾಶಿವಗಡದ ಕಡೆ ರೂಮು. ಎದುರಿಗೇ ಸಮುದ್ರ, ಸುತ್ತ ಗಾಳಿ ಮರ. ರೂಮಿನ ಬಗ್ಗೆ ಒಂದೂ ದೂರಿಲ್ಲ.

ನನ್ನ ತಪ್ಪು ಬುಕ್ ಮಾಡುವಾಗಲೇ ಆಗಿತ್ತು. ಬರೀ ರೂಮಿಗೆ ದಿನಕ್ಕೆ 3,200. ಊಟ ಸೇರಿದರೆ 5,400. ಹೆಚ್ಚಿಗೆ 2,200. ಇಬ್ಬರಿಗೆ ಮೂರು ಹೊತ್ತು ಅಂದರೆ ಆರು ತಟ್ಟೆ, ತಟ್ಟೆಗೆ 370ರ ಒಳಗೇ ಬಂತು. ಸಂಜೆಯ ಚಹಾ, ಬಜ್ಜಿಯೂ ಅದರಲ್ಲೇ. ಒಳ್ಳೆಯ ರೇಟು ಎಂದುಕೊಂಡೆ. ತಟ್ಟೆಯ ಲೆಕ್ಕ ಹಾಕಿದೆ, ಗಂಟೆಯ ಲೆಕ್ಕ ಹಾಕಲಿಲ್ಲ. ತಿಂಡಿ ಎಂಟರಿಂದ ಹತ್ತು, ಊಟ ಒಂದರಿಂದ ಎರಡೂವರೆ, ಚಹಾ ಐದಕ್ಕೆ, ರಾತ್ರಿ ಊಟ ಎಂಟರಿಂದ ಒಂಬತ್ತೂವರೆ. ಈ ಗಂಟೆಗಳ ನಡುವೆ ಸಿಗುವುದು ಎರಡು ಮೂರು ತಾಸು ಅಷ್ಟೇ. ಅದರಲ್ಲೂ ಆ ಆಗಸ್ಟ್‌ನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದುಬಿದ್ದಿತ್ತು. ಹೋಗುವ ಬರುವ ಗಾಡಿಗಳೆಲ್ಲ ಉಳಿದ ಒಂದೇ ಸೇತುವೆಯ ಮೇಲೆ. ಹಾಗಾಗಿ ಎಲ್ಲಿ ಹೋದರೂ ಅರ್ಧ ಗಂಟೆ ಮೊದಲೇ ಹೊರಡಬೇಕು ಎಂಬ ಗಡಿಬಿಡಿ ನನಗೆ.

ಎರಡನೇ ದಿನ ಪೇಟೆಗೆ ಹೋದೆವು. ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಮಾಡಿಟ್ಟಿರುವ ಚಪಲ್ ಯುದ್ಧನೌಕೆ ನೋಡಿ, ಮೀನು ಮಾರ್ಕೆಟ್ ಸುತ್ತಿದೆವು. ಹತ್ತಿರದಲ್ಲೇ ಒಂದು ಸಣ್ಣ ಖಾನಾವಳಿ. ರವೆ ಹಚ್ಚಿದ ಬಂಗುಡೆ ಕಾವಲಿಯ ಮೇಲೆ ಚುರ್ ಎನ್ನುತ್ತಿತ್ತು. ಗಂಟೆ ಹನ್ನೆರಡೂವರೆ. ನನ್ನವಳು ನಿಂತೇಬಿಟ್ಟಳು. "ಇಲ್ಲೇ ಉಣ್ಣೋಣ ಅಲ್ವಾ?" ಎಂದಳು. ನಾನು, "ಅಲ್ಲಿ ದುಡ್ಡು ಕೊಟ್ಟಾಗಿದೆ, ಸುಮ್ನೆ ಇಲ್ಲಿ ಯಾಕೆ ಮತ್ತೆ ಖರ್ಚು?" ಎಂದೆ. ಎರಡು ಮೀನೂಟಕ್ಕೆ ಐನೂರೂ ಆಗುತ್ತಿರಲಿಲ್ಲ. ವಾಪಸ್ ಕರೆದುಕೊಂಡು ಬಂದೆ. ರೆಸಾರ್ಟ್‌ನಲ್ಲಿ ಅವತ್ತು ಚಪಾತಿ, ಪನ್ನೀರ್, ಗೋಬಿ ಮಂಚೂರಿ. ಅವಳು ಏನೂ ಹೇಳಲಿಲ್ಲ. ಸ್ವಲ್ಪ ಅನ್ನ, ಮೊಸರು ಹಾಕಿಕೊಂಡಳು. ಆರು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದೇ ಕಡಿಮೆ. ಅವತ್ತು ಕೇಳಿದ್ದು ಒಂದು ಬಂಗುಡೆ. ಈಗಲೂ ನೆನೆದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಅದೇ ರಾತ್ರಿ ದಡದಲ್ಲಿ ಕೂತಿದ್ದಾಗಲೂ ಎಂಟೂವರೆಗೆ ನಾನೇ ಎಬ್ಬಿಸಿದೆ, ಬಿಸಿ ಆರುತ್ತದೆ ಎಂದು. ರವೀಂದ್ರನಾಥ ಟ್ಯಾಗೋರರು ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ದರು. ಕಾಳಿಯಲ್ಲಿ ದೋಣಿ ಹತ್ತಿ, ಒಬ್ಬ ರೈತನ ಅಂಗಳದಲ್ಲಿ ಬೆಳದಿಂಗಳಲ್ಲಿ ಉಂಡು, ತಡರಾತ್ರಿ ಮರಳ ಮೇಲೆ ನಡೆದು ಬಂದಿದ್ದನ್ನು ಬರೆದಿದ್ದಾರೆ. ಕಾರವಾರ ನೋಡಬೇಕಾದ್ದು ಹಾಗೆ.

ಅದಕ್ಕೇ ಹೇಳುತ್ತೇನೆ, ಯಾವ ಪ್ಯಾಕೇಜ್ ಎಂದು ಹುಡುಕುವುದನ್ನೇ ಬಿಡಿ. ರೂಮು ಮಾತ್ರ ತಗೊಳ್ಳಿ. ಬೆಳಗಿನ ತಿಂಡಿ ಸೇರಿದ್ದರೆ ಇರಲಿ. ಸಮುದ್ರ ಕಾಣುವ ಬಾಲ್ಕನಿಗೆ ಜಾಸ್ತಿ ಕೊಡುವುದೂ ಬೇಡ, ದಡಕ್ಕೆ ನಡೆದು ಹೋಗುವಷ್ಟು ಹತ್ತಿರ ಇದ್ದರೆ ಸಾಕು. ಜೂನ್, ಜುಲೈನಲ್ಲಿ ಹೋಗಲೇಬೇಡಿ. ಆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್, ಕಡಲು ಒರಟು, ನೀರಿಗೆ ಇಳಿಯುವ ಹಾಗೇ ಇಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಮರುವರ್ಷ ನಾವು ಮತ್ತೆ ಹೋದೆವು. ಪೇಟೆಯಲ್ಲೇ ಸಾದಾ ಲಾಡ್ಜು. ಬ್ಯಾಗ್ ಇಟ್ಟವರೇ ಅದೇ ಖಾನಾವಳಿಗೆ ನಡೆದೆವು. ಅವಳು ಎರಡು ಬಂಗುಡೆ ತಿಂದು, ಕೋಕಂ, ತೆಂಗಿನಹಾಲಿನ ಸೋಲ್‌ಕಡಿ ಇನ್ನೊಂದು ಲೋಟ ಹಾಕಿಸಿಕೊಂಡಳು. ಎದ್ದಾಗ ಗಂಟೆ ಮೂರಾಗಿತ್ತು.