ಜರ್ಮನಿಯಲ್ಲಿ ಒಂದು ಇಂಪ್ಲಾಂಟ್‌ಗೆ ಮೂರು ಸಾವಿರ ಯೂರೋ ಕೇಳುತ್ತಿದ್ದಾರೆ. ಟರ್ಕಿ, ಹಂಗೇರಿ, ಬಾಗಲಕೋಟೆ: ಎಲ್ಲಿ ಅಗ್ಗ?

ನೀವು ಸ್ಟುಟ್‌ಗಾರ್ಟ್‌ನಿಂದ ಕೇಳಿದ್ದೀರಿ: ಕೆಳದವಡೆಯ ಒಂದು ಹಲ್ಲು ಹೋಗಿದೆ, ಅದರ ಜಾಗದಲ್ಲಿ ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಮೇಲೆ ಕ್ಯಾಪ್ ಹಾಕುವ ಕೃತಕ ಹಲ್ಲು ಬೇಕು, ಕೈಯಲ್ಲೊಂದು ಕೊಟೇಶನ್ ಇದೆ, ಮುಂದೆ ಡಿಸೆಂಬರ್ ರಜೆ. ನಿಮ್ಮ ಊರು ಬಾಗಲಕೋಟೆ, ನನ್ನದು ಬೆಳಗಾವಿ, ಅಷ್ಟೇ ವ್ಯತ್ಯಾಸ. ಇಲ್ಲಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಮಷಿನ್ ಶಾಪ್‌ಗಳಲ್ಲಿ ಕೆಲಸ ಕಲಿತು ಜರ್ಮನಿಗೆ ಹೋಗಿ, ಕೆಲವು ವರ್ಷ ದುಡಿದು ವಾಪಸ್ ಬಂದವನು ನಾನು.

ನನ್ನ ದವಡೆ ಹಲ್ಲು ಹೋಗಿ ಬಹಳ ದಿನ ಆಗಿತ್ತು. ಅಲ್ಲಿನ ಡಾಕ್ಟರ್ ಕೊಟ್ಟ ಅಂದಾಜು ಪಟ್ಟಿ ನೋಡಿ ಮಡಚಿ ಜೇಬಿಗಿಟ್ಟುಕೊಂಡೆ. ಫೋನಿನಲ್ಲಿ ಅವ್ವ, "ಅಷ್ಟ ರೊಕ್ಕಾ ಅಲ್ಲ್ಯಾಕ ಸುರೀತಿ? ಇಲ್ಲೇ ಬಂದು ಮಾಡಿಸ್ಕೊಂಡ ಹೋಗು" ಅಂದಳು. ಹಾಗೇ ಮಾಡಿದೆ. ಒಂದು ರಜೆಯಲ್ಲಿ ಮೂಳೆಗೆ ಸ್ಕ್ರೂ ಕೂರಿಸಿದರು, ಮುಂದಿನ ರಜೆಯಲ್ಲಿ ಕ್ಯಾಪ್ ಹಾಕಿದರು. ಡಾಕ್ಟರ್ ಕೈಗುಣ ಚೆನ್ನಾಗಿಯೇ ಇತ್ತು. ಮುಂದಿನದ್ದು ಓದಿ "ಊರಲ್ಲಿ ಮಾಡಿಸಿದರೆ ಹಿಂಗೇ" ಅಂತ ಯಾರೂ ಅಂದುಕೊಳ್ಳಬೇಡಿ. ಎಡವಟ್ಟು ಮಾಡಿದ್ದು ನಾನು.

ಎಲ್ಲ ಮುಗಿದ ಮೇಲೆ ಕ್ಲಿನಿಕ್‌ನವರು ಒಂದು ರಟ್ಟಿನ ಫೈಲ್ ಕೊಟ್ಟಿದ್ದರು. ಒಳಗೆ ದೊಡ್ಡ ಎಕ್ಸ್‌ರೇ, ಬಿಲ್ಲು, ಮತ್ತೆ ಒಂದು ಕಾರ್ಡಿನ ಮೇಲೆ ಅಂಟಿಸಿದ ಬೆರಳಗಲದ ಸ್ಟಿಕರ್. ಹೊರಡೋ ರಾತ್ರಿ ಬ್ಯಾಗ್ ತೂಗಿದರೆ 23 ಕೇಜಿ ದಾಟಿತ್ತು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಒಂದು ಡಬ್ಬಿ ಕುಂದಾ. ಇದರಲ್ಲಿ ಯಾವುದನ್ನಾದರೂ ತೆಗೀತೀನಿ ಅಂದರೆ ಮನೆಯಲ್ಲಿ ಮಹಾಭಾರತ. ಫೈಲ್ ತೆಗೆದು ತಿಜೋರಿ ಮೇಲಿಟ್ಟೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅದು ಹಳೇ ಪೇಪರ್ ಜೊತೆ ರದ್ದಿಗೆ ಹೋಯಿತು. ಒಂದು ಫೋಟೋ ಕೂಡ ತೆಗೆದಿಟ್ಟುಕೊಂಡಿರಲಿಲ್ಲ. ಮೊಬೈಲ್ ಕೈಯಲ್ಲೇ ಇತ್ತು, ಕುಂದಾ ಡಬ್ಬಿಯ ಫೋಟೋ ತೆಗೆದಿದ್ದೆ.

ಆ ಸ್ಟಿಕರ್ ಯಾಕೆ ಅಷ್ಟು ಮುಖ್ಯ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ. ಇಂಪ್ಲಾಂಟ್ ಅಂದರೆ ಒಂದೇ ತುಂಡು ಅಂತ ನಾವು ತಿಳಿದಿರುತ್ತೇವೆ. ಸಾಮಾನ್ಯವಾಗಿ ಮೂರು ಭಾಗ. ಮೂಳೆಯೊಳಗೆ ಟೈಟಾನಿಯಂ ಸ್ಕ್ರೂ. ಅದರ ಮೇಲೆ ಅಬಟ್‌ಮೆಂಟ್ ಅನ್ನೋ ಸಣ್ಣ ಗೂಟ. ಅದರ ಮೇಲೆ ಕ್ಯಾಪ್. ಗೂಟವನ್ನು ಕೆಳಗಿನದಕ್ಕೆ ಬಿಗಿಯುವುದು ಇನ್ನೂ ಒಂದು ಪುಟಾಣಿ ಸ್ಕ್ರೂ. ಇದು ಸಡಿಲ ಆಗುವುದುಂಟು, ಎಲ್ಲ ದೇಶದಲ್ಲೂ ಆಗುತ್ತೆ, ಒಳ್ಳೆ ಡಾಕ್ಟರ್ ಹಾಕಿದ್ದೂ ಆಗುತ್ತೆ. ಸರಿಯಾದ ಡ್ರೈವರ್ ಕೈಯಲ್ಲಿದ್ದರೆ ಬಿಗಿ ಮಾಡುವುದು ದೊಡ್ಡ ಕೆಲಸವೇ ಅಲ್ಲ.

ಆದರೆ ಆ ಡ್ರೈವರ್ ಕಂಪನಿಗೊಂದು ತರಹ. ಕೆಲವದು ಆರು ಮೂಲೆ, ಕೆಲವದು ನಕ್ಷತ್ರ, ಕೆಲವದು ಚೌಕ. ಆರು ಮೂಲೆಯಲ್ಲೇ 1.22 ಮಿಲಿಮೀಟರ್ ಬೇರೆ, 1.27 ಬೇರೆ. ಕಣ್ಣಿಗೆ ಎರಡೂ ಒಂದೇ. ಸಣ್ಣದನ್ನು ದೊಡ್ಡದರಲ್ಲಿ ಹಾಕಿ ತಿರುಗಿಸಿದರೆ ಸ್ಕ್ರೂ ತಲೆಯ ಮೂಲೆಗಳು ಸವೆದು ದುಂಡಗಾಗುತ್ತವೆ. ಅಲನ್ ಕೀ ಹಿಡಿದವರಿಗೆಲ್ಲ ಗೊತ್ತು, ಅಲ್ಲಿಗೆ ಅದರ ಕಥೆ ಮುಗಿಯಿತು. ಕಂಪನಿ ಯಾವುದು, ಮಾದರಿ ಯಾವುದು, ವ್ಯಾಸ ಎಷ್ಟು, ಉದ್ದ ಎಷ್ಟು, ಲಾಟ್ ನಂಬರ್ ಎಷ್ಟು, ಇದೆಲ್ಲ ಆ ಸ್ಟಿಕರ್ ಮೇಲೆ ಇರುತ್ತೆ.

ಜರ್ಮನಿಯಲ್ಲಿ ಒಂದು ದಿನ ಕಂಪನಿ ಕ್ಯಾಂಟೀನಿನಲ್ಲಿ ಊಟ ಮಾಡುವಾಗ ಕ್ಯಾಪ್ ಕಟಕ್ ಅಂತು. ನಾಲಿಗೆಯಿಂದ ಒತ್ತಿದರೆ ಕೂದಲೆಳೆಯಷ್ಟು ಅಲ್ಲಾಡುತ್ತೆ. ನೋವಿಲ್ಲ, ಊತವಿಲ್ಲ. ಡಾಕ್ಟರ್ ಎಕ್ಸ್‌ರೇ ತೆಗೆದು, "ಮೂಳೆ ಗಟ್ಟಿಯಾಗಿದೆ, ಮೇಲಿನ ಸ್ಕ್ರೂ ಸಡಿಲ ಆಗಿದೆ ಅಷ್ಟೇ. ಯಾವ ಕಂಪನಿಯದು?" ಅಂದರು. "ಟೈಟಾನಿಯಂ" ಅಂದೆ. ಆ ಮನುಷ್ಯ ನಗಲಿಲ್ಲ, ಅದೇ ಜಾಸ್ತಿ ನಾಚಿಕೆ ಆಯಿತು. ಉದ್ಯಮಬಾಗದಲ್ಲಿ ಹೀಟ್ ನಂಬರ್ (ಯಾವ ಸರದಿಯ ಲೋಹ ಅನ್ನೋ ಗುರುತು) ಇಲ್ಲದ ಒಂದು ಎರಕದ ತುಂಡು ಗೇಟು ದಾಟಿಸಲು ಬಿಡದವನು ನಾನು, ನನ್ನ ಬಾಯೊಳಗೆ ಏನಿದೆ ಅನ್ನೋದೇ ನನಗೆ ಗೊತ್ತಿಲ್ಲ.

ಊರಿಗೆ ಫೋನ್ ಮಾಡಿದೆ. ಅಷ್ಟೊತ್ತಿಗೆ ಆ ಡಾಕ್ಟರ್ ಬೇರೆ ಊರಿಗೆ ಹೋಗಿದ್ದರು. ಕ್ಲಿನಿಕ್‌ನಲ್ಲಿದ್ದ ಹುಡುಗಿ "ಹಳೇ ಫೈಲ್ ಈಗ ಸಿಗಂಗಿಲ್ರಿ ಸರ್" ಅಂದಳು. ಅವಳದೇನು ತಪ್ಪು?

ಎಕ್ಸ್‌ರೇಯಲ್ಲಿ ಕಾಣುವ ಸ್ಕ್ರೂವಿನ ಥ್ರೆಡ್ಡಿನ ಆಕಾರ, ಅದರ ಕತ್ತಿನ ಆಕಾರ ನೋಡಿ ಯಾವ ಕಂಪನಿ ಇರಬಹುದು ಅಂತ ಊಹೆ ಮಾಡಬೇಕಾಯಿತು. ಇನ್ನೊಂದು ತೊಂದರೆ, ನನ್ನ ಕ್ಯಾಪನ್ನು ಸಿಮೆಂಟಿನಿಂದ ಅಂಟಿಸಿದ್ದರು. ಸ್ಕ್ರೂ ತಲೆ ಎಲ್ಲಿದೆ ಅಂತ ಹೊರಗಿಂದ ಕಾಣಲ್ಲ, ಕ್ಯಾಪ್ ಕೊರೆದೇ ಹುಡುಕಬೇಕು. ಕೊರೆಯುವಾಗ ಪಿಂಗಾಣಿ ಚಕ್ಕೆ ಎದ್ದಿತು. ಸ್ಕ್ರೂ ಸಿಕ್ಕಿತು, ಆದರೆ ಅಷ್ಟು ದಿನ ಅಲ್ಲಾಡಿ ಅದೂ ಕೆಟ್ಟಿತ್ತು. ಹೊಸ ಸ್ಕ್ರೂ ತರಿಸಿ, ಹೊಸ ಕ್ಯಾಪ್ ಮಾಡಿಸಿ, ಕೊನೆಗೆ ಕೊಟ್ಟ ಬಿಲ್ಲು ಬೆಳಗಾವಿಯಲ್ಲಿ ಇಡೀ ಕೆಲಸಕ್ಕೆ ಕೊಟ್ಟಿದ್ದಕ್ಕಿಂತ ಜಾಸ್ತಿ. ಅವ್ವನಿಗೆ ಇವತ್ತಿಗೂ ಮೊತ್ತ ಹೇಳಿಲ್ಲ.

ಅದಕ್ಕೇ "ಎಲ್ಲಿ ಅಗ್ಗ" ಅನ್ನೋ ನಿಮ್ಮ ಪ್ರಶ್ನೆಗೆ ನಾನು ನೇರವಾಗಿ ಉತ್ತರ ಕೊಡುವುದಿಲ್ಲ. ಮೂರು ವರ್ಷ ಬಿಟ್ಟು ಅದು ಕಟಕ್ ಅಂದಾಗ ಯಾರ ಹತ್ತಿರ ಹೋಗುತ್ತೀರಿ, ಅವರ ಕೈಗೆ ಏನು ಕೊಡುತ್ತೀರಿ? ಇದನ್ನು ಮೊದಲು ಯೋಚಿಸಿ, ರೇಟು ಆಮೇಲೆ.

ಟರ್ಕಿ ಬಿಟ್ಟುಬಿಡಿ. ಅಲ್ಲಿಯ ಡಾಕ್ಟರ್‌ಗಳು ಕಮ್ಮಿ ಅಂತಲ್ಲ, ಆ ಪ್ಯಾಕೇಜ್ ಲೆಕ್ಕವೇ ನನಗೆ ಹಿಡಿಸಲ್ಲ. ಹೋಟೆಲ್, ಟ್ಯಾಕ್ಸಿ, ಹಲ್ಲು ಎಲ್ಲ ಒಂದು ವಾರದಲ್ಲಿ ಅಂತಾರೆ. ಒಂದು ಹಲ್ಲಿಗೆ ಅಂತ ಹೋದವರಿಗೆ ಚೆನ್ನಾಗಿರೋ ಹಲ್ಲುಗಳನ್ನೂ ತೇದು ಸಣ್ಣ ಮಾಡಿ ಸಾಲಾಗಿ ಕ್ಯಾಪ್ ಹಾಕಿಸಿಕೊಳ್ಳಿ ಅನ್ನೋ ಆಸೆ ತೋರಿಸುತ್ತಾರೆ. ತೇದು ಹೋದ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಮೇಲ್ಪದರ, ಮತ್ತೆ ಬೆಳೆಯಲ್ಲ. ಇನ್ನು ಮೂಳೆಗೆ ನಿಮ್ಮ ವಿಮಾನದ ಟೈಮು ಗೊತ್ತಿಲ್ಲ. ಸ್ವೀಡನ್ನಿನ ಬ್ರೊನೆಮಾರ್ಕ್ ಅನ್ನೋ ಡಾಕ್ಟರ್ ಮೊಲದ ಮೂಳೆಯಲ್ಲಿ ಟೈಟಾನಿಯಂ ಇಟ್ಟು ಪ್ರಯೋಗ ಮಾಡುತ್ತಿದ್ದಾಗ ಅದು ಮೂಳೆಗೆ ಕಚ್ಚಿಕೊಂಡು ಹೊರಗೇ ಬರಲಿಲ್ಲ. ಅಲ್ಲಿಂದ ಶುರುವಾಗಿದ್ದು ಇದು, 1965ರಲ್ಲಿ ಮೊದಲ ಮನುಷ್ಯನಿಗೆ ಹಾಕಿದರು. ಹಾಗೆ ಕಚ್ಚಿಕೊಳ್ಳೋದಕ್ಕೆ ಕೆಳದವಡೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳು, ಮೇಲ್ದವಡೆಯಲ್ಲಿ ಆರು ತಿಂಗಳವರೆಗೂ ಬೇಕು. ತಕ್ಷಣ ಕ್ಯಾಪ್ ಹಾಕುವ ವಿಧಾನವೂ ಇದೆ, ಆದರೆ ಅದು ಎಲ್ಲರ ಮೂಳೆಗೂ ಆಗಲ್ಲ. ಸಿಗರೇಟು ಸೇದುತ್ತಿದ್ದರೆ, ಶುಗರ್ ಹಿಡಿತದಲ್ಲಿ ಇಲ್ಲದಿದ್ದರೆ ಇಂಪ್ಲಾಂಟ್ ಕೈಕೊಡುವ ಸಾಧ್ಯತೆ ಜಾಸ್ತಿ. ಅದನ್ನು ಮೊದಲು ಸರಿ ಮಾಡಿಕೊಳ್ಳಿ.

ಹಂಗೇರಿ ಬೇರೆ ಮಾತು. ಆಸ್ಟ್ರಿಯಾ ಗಡಿಯ ಶೋಪ್ರೋನ್ ಕಡೆ ಹಲ್ಲಿಗಾಗಿಯೇ ಜನ ಗಡಿ ದಾಟಿ ಬರುತ್ತಾರೆ. ಅದು ಐರೋಪ್ಯ ಒಕ್ಕೂಟದೊಳಗೆ ಇರುವುದರಿಂದ, ನಿಮ್ಮದು ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆ ಆಗಿದ್ದರೆ, ಮೊದಲೇ ಚಿಕಿತ್ಸಾ ಯೋಜನೆ ಮತ್ತು ಖರ್ಚಿನ ಪಟ್ಟಿ ಕಳಿಸಿ ಒಪ್ಪಿಗೆ ತಗೊಂಡರೆ, ಜರ್ಮನಿಯಲ್ಲಿ ಸಿಗುವ ಸಹಾಯಧನ ಅಲ್ಲಿ ಮಾಡಿಸಿದರೂ ಸಿಗುತ್ತೆ. ಮೊದಲು ಮಾಡಿಸಿ ಆಮೇಲೆ ಬಿಲ್ ಕಳಿಸಿದರೆ ಜಗಳ. ಬಾಗಲಕೋಟೆಯಲ್ಲಿ ಮಾಡಿಸಿದರೆ ಆ ವಿಮೆಯವರಿಂದ ಒಂದು ಪೈಸೆ ಬರಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ಸಹಾಯಧನದ ಬಗ್ಗೆ ನಮ್ಮವರಿಗೆ ದೊಡ್ಡ ಗೊಂದಲ. 60 ಪರ್ಸೆಂಟ್ ಕೊಡುತ್ತಾರೆ ಅಂದರೆ ನಿಮ್ಮ ಬಿಲ್ಲಿನ 60 ಅಲ್ಲ, ಆ ಹಲ್ಲಿಗೆ ಅವರು ಸಾಕು ಅಂದುಕೊಂಡ ಸಾದಾ ಚಿಕಿತ್ಸೆಯ ಸರಾಸರಿ ಖರ್ಚಿನ 60. ವರ್ಷಕ್ಕೊಮ್ಮೆ ಹಲ್ಲು ತೋರಿಸಿ ಬೋನಸ್ ಪುಸ್ತಕದಲ್ಲಿ ದಾಖಲೆ ಮಾಡಿಸಿದ್ದರೆ ಐದು ವರ್ಷಕ್ಕೆ 70, ಹತ್ತು ವರ್ಷಕ್ಕೆ 75. ಇದು 2020ರ ಅಕ್ಟೋಬರ್‌ನಿಂದ ಇರುವ ಲೆಕ್ಕ. ನೀವು ಎಷ್ಟು ವರ್ಷದಿಂದ ತೋರಿಸಿಲ್ಲ? ನಾನಂತೂ ನೋವು ಬಂದಾಗ ಮಾತ್ರ ಹೋಗುತ್ತಿದ್ದೆ. ಈ ವರ್ಷವೇ ಹೋಗಿ ಶುರು ಮಾಡಿ, ತಪಾಸಣೆಗೆ ದುಡ್ಡು ಕೊಡಬೇಕಾಗಿಲ್ಲ. ಹಲ್ಲಿನ ಎಕ್ಸ್‌ಟ್ರಾ ಇನ್ಶೂರೆನ್ಸ್ ಈಗ ತಗೊಂಡರೂ ಈಗಾಗಲೇ ಹೋದ ಈ ಹಲ್ಲಿಗೆ ಅದರಿಂದ ಸಹಾಯ ಸಿಗುವುದು ಕಷ್ಟ. ಮುಂದಿನದಕ್ಕೆ ಬೇಕಾದರೆ ನೋಡಿ.

ಆ ಮೂರು ಸಾವಿರದ ಕಾಗದವನ್ನೂ ಸುಮ್ನೆ ನಂಬಬೇಡಿ. ಜರ್ಮನಿಯಲ್ಲಿ ಖಾಸಗಿ ಬಿಲ್ಲಿಗೆ ಸರ್ಕಾರದ ದರಪಟ್ಟಿ ಇದೆ, ಡಾಕ್ಟರ್ ಅದನ್ನು ಇಷ್ಟು ಪಟ್ಟು ಅಂತ ಗುಣಿಸುತ್ತಾರೆ. 2.3 ಪಟ್ಟಿನವರೆಗೆ ಮಾಮೂಲಿ, ಅದರ ಮೇಲೆ ಹಾಕಿದರೆ ಕಾರಣ ಬರೆದು ಕೊಡಬೇಕು. ನಿಮ್ಮ ಕಾಗದದಲ್ಲಿ ಎಷ್ಟಿದೆ ನೋಡಿ. ಕ್ಯಾಪ್ ಯಾವ ಲ್ಯಾಬಿನದು ಕೇಳಿ. ಹೊರದೇಶದ ಲ್ಯಾಬಿನಿಂದ ತರಿಸಿಕೊಡುವವರಿದ್ದಾರೆ, ಖರ್ಚು ಇಳಿಯುತ್ತೆ, ಜವಾಬ್ದಾರಿ ನಿಮ್ಮ ಡಾಕ್ಟರ್‌ದೇ ಇರುತ್ತೆ. ಇನ್ನೊಬ್ಬ ಡಾಕ್ಟರ್ ಹತ್ತಿರ ಇನ್ನೊಂದು ಅಂದಾಜು ತಗೊಳ್ಳಿ. ಮತ್ತೆ, ಪಕ್ಕದ ಎರಡು ಹಲ್ಲಿಗೆ ಈಗಾಗಲೇ ದೊಡ್ಡ ಫಿಲ್ಲಿಂಗ್ ಇದ್ದರೆ ಇಂಪ್ಲಾಂಟ್ ಯಾಕೆ? ಬ್ರಿಡ್ಜ್ ಹಾಕಿಸಿ, ಅಂದರೆ ಪಕ್ಕದ ಎರಡನ್ನೂ ತೇದು ಅವುಗಳ ಆಸರೆಯಲ್ಲಿ ನಿಲ್ಲಿಸುವ ಹಲ್ಲು. ಪಕ್ಕದವು ಗಟ್ಟಿಮುಟ್ಟಾಗಿದ್ದರೆ ಮಾತ್ರ ಅವನ್ನು ತೇಯಿಸಬೇಡಿ.

ಇಷ್ಟೆಲ್ಲ ನೋಡಿದ ಮೇಲೂ ಊರೇ ಅಂತಿದ್ದರೆ ಬನ್ನಿ. ನಾನೇ ಮತ್ತೆ ಮಾಡಿಸಬೇಕಾಗಿ ಬಂದರೂ ಇಲ್ಲೇ ಮಾಡಿಸುತ್ತೇನೆ, ಆದರೆ ಒಂದು ಷರತ್ತು. ಪ್ರತಿ ವರ್ಷ ಊರಿಗೆ ಬರುವವರಾದರೆ ಮಾತ್ರ. ಎರಡು ವರ್ಷಕ್ಕೊಮ್ಮೆ ಮುಖ ತೋರಿಸುವವರು ಅಲ್ಲೇ ಮಾಡಿಸಿ, ವಿಮೆಯಡಿ ಹಾಕಿದ ಕ್ಯಾಪಿಗೆ ಅಲ್ಲಿಯ ಡಾಕ್ಟರ್ ಎರಡು ವರ್ಷ ಹೊಣೆ ಹೊರಬೇಕು. ಆ ಅನುಕೂಲ ಇಲ್ಲಿ ಬಾಯಿಮಾತಿನದು.

ಡೆಂಟಲ್ ಕಾಲೇಜ್ ಬಗ್ಗೆಯೂ ಕೇಳಿದ್ದೀರಿ. ನಿಮ್ಮ ಬಾಗಲಕೋಟೆಯಲ್ಲೇ ಪಿ.ಎಂ. ನಾಡಗೌಡ ಸ್ಮಾರಕ ಡೆಂಟಲ್ ಕಾಲೇಜ್ ಇದೆ, ವಿಜಯಪುರದಲ್ಲಿ ಅಲ್ ಅಮೀನ್, ಬೆಳಗಾವಿಯಲ್ಲಿ ಕೆಎಲ್‌ಇಯದು. ಇಂಥ ಕಡೆ ಕಲಿಯುವವರು ಪ್ರೊಫೆಸರ್ ಕಣ್ಣೆದುರು ಕೆಲಸ ಮಾಡುತ್ತಾರೆ, ಖರ್ಚು ಕಮ್ಮಿ, ಆದರೆ ಸಿಟ್ಟಿಂಗ್ ಜಾಸ್ತಿ. ಊರಲ್ಲೇ ಇರುವ ಅಪ್ಪ ಅವ್ವನಿಗೆ ಅದು ಬಹಳ ಒಳ್ಳೆಯದು. ಡಿಸೆಂಬರ್‌ನಲ್ಲಿ ಬಂದು ಜನವರಿಗೆ ಓಡುವ ನಿಮಗೆ ಆಗಿಬರಲ್ಲ, ಖಾಸಗಿ ಕ್ಲಿನಿಕ್ ನೋಡಿ.

ಹೋಗುವ ಮೊದಲೇ ಫೋನಿನಲ್ಲಿ ಮಾತಾಡಿ, ಯಾವ ಕಂಪನಿಯ ಇಂಪ್ಲಾಂಟ್ ಹಾಕುತ್ತೀರಿ ಅಂತ ಕೇಳಿ, ಅದರ ಬಿಡಿ ಸಾಮಾನು ಜರ್ಮನಿಯಲ್ಲಿ ಸಿಗುತ್ತಾ ಅಂತ ನಿಮ್ಮ ಅಲ್ಲಿಯ ಡಾಕ್ಟರ್ ಹತ್ತಿರ ವಿಚಾರಿಸಿ. ಸ್ವಲ್ಪ ದುಡ್ಡು ಜಾಸ್ತಿ ಆದರೂ ಸಿಗುವಂಥದ್ದನ್ನೇ ಹಾಕಿಸಿ. ಕ್ಯಾಪ್ ಅಂಟಿಸುವ ಬದಲು ಸ್ಕ್ರೂನಿಂದ ಕೂರಿಸಲು ಆಗುತ್ತಾ ಕೇಳಿ, ಸಡಿಲ ಆದರೆ ಕೊರೆಯುವ ಗೋಳು ತಪ್ಪುತ್ತೆ. ಸ್ಟಿಕರ್ ಫೋಟೋ ತೆಗೆದು ನಿಮಗೇ ಈಮೇಲ್ ಮಾಡಿಕೊಳ್ಳಿ, ಸ್ಕ್ಯಾನ್ ಅನ್ನು ಪ್ರಿಂಟ್ ಬೇಡ, ಫೈಲ್ ಆಗಿಯೇ ಪೆನ್‌ಡ್ರೈವ್‌ನಲ್ಲಿ ಕೊಡಿ ಅನ್ನಿ.

ಮತ್ತೆ ದಿನಗಳ ಲೆಕ್ಕ. ಬಂದ ವಾರದಲ್ಲೇ ಸ್ಕ್ರೂ ಕೂರಿಸಿಕೊಳ್ಳಿ, ಮದುವೆ ಊಟ ಎಲ್ಲ ಮುಗಿಸಿ ಕೊನೆಗೆ ಹೋಗೋಣ ಅನ್ನಬೇಡಿ. ಹೊಲಿಗೆ ಬಿಚ್ಚೋದಕ್ಕೆ ಏಳರಿಂದ ಹತ್ತು ದಿನ ಬೇಕು, ಏನಾದರೂ ಊತ ಬಂದರೆ ಆ ಡಾಕ್ಟರ್ ಕೈಗೇ ಸಿಗಬೇಕಲ್ವಾ? ಅಷ್ಟು ದಿನ ಅನ್ನ, ಸಾರು, ಮೆತ್ತನೆ ಇಡ್ಲಿ. ಖಡಕ್ ರೊಟ್ಟಿ ಕಣ್ಣೆತ್ತಿಯೂ ನೋಡಬೇಡಿ. ಕ್ಯಾಪ್‌ಗೆ ಮುಂದಿನ ಬೇಸಿಗೆ ರಜೆಯಲ್ಲಿ ಬನ್ನಿ, ಟಿಕೆಟ್ ಈಗಲೇ ನೋಡಿಟ್ಟುಕೊಳ್ಳಿ.